ಬಾಲ್ಕನಿ, ತೆರೆದ ಜಾಗ, ತುರ್ತು ದಾರಿ: ಕರಾವಳಿಯ ಕಟ್ಟಡಗಳಲ್ಲಿ ಅಳೆದು ನೋಡಬೇಕಾದ ಸಂಗತಿಗಳು

ಮೇ ತಿಂಗಳ ಕೊನೆಯ ವಾರಗಳಲ್ಲಿ ಮಂಗಳೂರು, ಉಡುಪಿ ಕಡೆ ವೆಲ್ಡಿಂಗ್ ಕೆಲಸದವರಿಗೆ ಬಿಡುವೇ ಇರುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಪಡುವಣಕ್ಕೆ ಮುಖ ಮಾಡಿದ ಬಾಲ್ಕನಿಗೆ ಇರಚಲು ಹೊಡೆಯತೊಡಗಿದರೆ ಒಳಗಿನ ಕೋಣೆಯ ನೆಲವೂ ಒದ್ದೆಯಾಗುತ್ತದೆ. ಹಾಗಾಗಿ ಮಳೆ ಹಿಡಿಯುವ ಮೊದಲೇ ಬಾಲ್ಕನಿಗೆ ಗ್ರಿಲ್ ಬಿಗಿಸಿ ಅದರ ಹಿಂದೆ ಜಾರುವ ಗಾಜಿನ ಕಿಟಕಿ ಕೂರಿಸುವುದು, ತಾರಸಿಗೆ ಶೀಟಿನ ಮಾಡು ಹಾಕಿಸುವುದು, ಪಾಗಾರಕ್ಕೂ (ಕಾಂಪೌಂಡ್ ಗೋಡೆಗೂ) ಮನೆಯ ಗೋಡೆಗೂ ನಡುವಿನ ಜಾಗಕ್ಕೆ ಒಂದು ಇಳಿಮಾಡು ಎಳೆಯುವುದು ವಾಡಿಕೆಯಾಗಿಬಿಟ್ಟಿದೆ. ಬಿಡಿಬಿಡಿಯಾಗಿ ನೋಡಿದರೆ ಇವೆಲ್ಲ ಸಣ್ಣಪುಟ್ಟ ಅನುಕೂಲಗಳೇ ಸರಿ. ಆದರೆ ಕಟ್ಟಡ ನಿಯಮಗಳು ಬಾಲ್ಕನಿಯನ್ನು, ಸುತ್ತಲಿನ ತೆರೆದ ಜಾಗವನ್ನು ಮತ್ತು ಮೆಟ್ಟಿಲಿನ ದಾರಿಯನ್ನು ಒಂದೇ ಲೆಕ್ಕದಲ್ಲಿ ಹಿಡಿದಿವೆ: ಹೊಗೆ ತುಂಬಿದಾಗ ಜನ ನಿಂತು ಉಸಿರಾಡುವುದಕ್ಕೆ ಬಾಲ್ಕನಿ, ಇಳಿದು ಬರುವುದಕ್ಕೆ ಮೆಟ್ಟಿಲು, ಇಳಿದವರು ಸೇರುವುದಕ್ಕೆ ಮತ್ತು ಅಗ್ನಿಶಾಮಕ ವಾಹನ ಒಳಬರುವುದಕ್ಕೆ ತೆರೆದ ಜಾಗ. ಇವುಗಳಲ್ಲಿ ಒಂದನ್ನು ಮುಚ್ಚಿದರೆ ಉಳಿದೆರಡರ ಲೆಕ್ಕವೂ ತಪ್ಪುತ್ತದೆ.

ಫ್ಲ್ಯಾಟ್ ಕೊಳ್ಳಲು ಹೊರಟವರು, ಈಗಾಗಲೇ ವಾಸವಾಗಿರುವವರು, ಸಮುಚ್ಚಯದ ಸಂಘದಲ್ಲಿ ಜವಾಬ್ದಾರಿ ಹೊತ್ತವರು ಮತ್ತು ಬಾಡಿಗೆಗೆಂದು ಎರಡು ಮೂರು ಅಂತಸ್ತಿನ ಮನೆ ಕಟ್ಟಿಸುವವರು ಈ ಮೂರನ್ನೂ ತಾವೇ ಪರಿಶೀಲಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಮಂಜೂರಾದ ನಕ್ಷೆಯ ಒಂದು ಪ್ರತಿ, 30 ಮೀಟರಿನ ಒಂದು ಟೇಪು, ಅದರ ಇನ್ನೊಂದು ತುದಿ ಹಿಡಿಯಲು ಒಬ್ಬರು, ಮತ್ತು ಒಂದು ಭಾನುವಾರದ ಬೆಳಗ್ಗೆ.

ಯಾವ ನಿಯಮ, ಯಾವ ನಕ್ಷೆ

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿಯಲ್ಲಿ ತಯಾರಾಗುವ ಮಹಾಯೋಜನೆಯ (ಮಾಸ್ಟರ್ ಪ್ಲಾನಿನ) ಜೊತೆಗೆ ವಲಯ ನಿಯಮಾವಳಿ ಇರುತ್ತದೆ. ಮಂಗಳೂರಿನಲ್ಲಿ ಇದನ್ನು ನೋಡಿಕೊಳ್ಳುವುದು ಮುಡಾ ಎಂದು ಎಲ್ಲರೂ ಕರೆಯುವ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ, ಉಡುಪಿಯಲ್ಲಿ ಅಲ್ಲಿನ ನಗರಾಭಿವೃದ್ಧಿ ಪ್ರಾಧಿಕಾರ. ಕಟ್ಟಡದ ಪರವಾನಗಿ ಕೊಡುವುದು ಮಂಗಳೂರಿನಲ್ಲಿ ಮಹಾನಗರ ಪಾಲಿಕೆ, ಉಡುಪಿಯಲ್ಲಿ ನಗರಸಭೆ. ಪಾಲಿಕೆಗೆ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, ನಗರಸಭೆಗೆ 1964ರ ಪುರಸಭೆಗಳ ಕಾಯ್ದೆ ಆಧಾರ. ಎತ್ತರದ ಕಟ್ಟಡಗಳಿಗೆ ಇದರ ಜೊತೆಗೆ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ನಿರಾಕ್ಷೇಪಣಾ ಪತ್ರವೂ ಬೇಕು.

ಇವೆಲ್ಲದರ ಹಿಂದೆ ತಾಂತ್ರಿಕ ಅಡಿಪಾಯವಾಗಿ ನಿಂತಿರುವುದು ಭಾರತೀಯ ಮಾನಕ ಬ್ಯೂರೊ ಪ್ರಕಟಿಸಿರುವ ರಾಷ್ಟ್ರೀಯ ಕಟ್ಟಡ ಸಂಹಿತೆ. 2016ರ ಆವೃತ್ತಿಯ ಮೂರನೆಯ ಭಾಗ ತೆರೆದ ಜಾಗಗಳನ್ನು, ನಾಲ್ಕನೆಯ ಭಾಗ ಬೆಂಕಿ ಮತ್ತು ಜೀವರಕ್ಷಣೆಯನ್ನು ಕುರಿತದ್ದು. ಸಂಹಿತೆ ತಾನಾಗಿಯೇ ಕಾನೂನಲ್ಲ, ಸ್ಥಳೀಯ ನಿಯಮಗಳು ಅದನ್ನು ಒಪ್ಪಿಕೊಂಡಷ್ಟರ ಮಟ್ಟಿಗೆ ಅದು ಕಟ್ಟುಪಾಡಾಗುತ್ತದೆ. ಮುಂದೆ ನಾನು ಕೊಡುವ ಅಂಕಿಗಳು ಬೇರೆಯಾಗಿ ಹೇಳದ ಕಡೆಯೆಲ್ಲ ಸಂಹಿತೆಯವು. ಸ್ಥಳೀಯ ನಿಯಮಾವಳಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅನ್ವಯಿಸುತ್ತದೆ, ಮತ್ತು ನಿಮ್ಮ ಕಟ್ಟಡದ ಮಟ್ಟಿಗೆ ಮಂಜೂರಾದ ನಕ್ಷೆಯಲ್ಲಿ ಏನಿದೆಯೋ ಅದೇ ಅಳತೆಗೋಲು.

ಮಾರಾಟದ ಕೈಪಿಡಿಯಲ್ಲಿ ಬಣ್ಣದಲ್ಲಿ ಅಚ್ಚಾದ ನಕ್ಷೆಯನ್ನೇ ಮಂಜೂರಾದ ನಕ್ಷೆಯೆಂದು ತಿಳಿಯುವವರು ಬಹಳ ಮಂದಿ. ಮಂಜೂರಾದ ನಕ್ಷೆಯ ಮೇಲೆ ಕಚೇರಿಯ ಮೊಹರು, ಪರವಾನಗಿ ಸಂಖ್ಯೆ, ದಿನಾಂಕ ಮತ್ತು ನಾಲ್ಕೂ ಬದಿಯ ತೆರೆದ ಜಾಗದ ಅಳತೆ ಇರುತ್ತದೆ. 500 ಚದರ ಮೀಟರಿಗಿಂತ ಹೆಚ್ಚಿನ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳ ಯೋಜನೆಯಾದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯಡಿ ನೋಂದಣಿ ಕಡ್ಡಾಯ, ಆದ್ದರಿಂದ ಹೊಸ ಯೋಜನೆಗಳ ನಕ್ಷೆಯನ್ನು ಕರ್ನಾಟಕ ರೇರಾದ ಜಾಲತಾಣದಲ್ಲಿಯೇ ನೋಡಬಹುದು. ಹಳೆಯ ಕಟ್ಟಡವಾದರೆ ಬಿಲ್ಡರ್ ಸಂಘಕ್ಕೆ ಹಸ್ತಾಂತರಿಸಿದ ಕಡತದಲ್ಲಿ ಹುಡುಕಬೇಕು. ಅಲ್ಲಿಯೂ ಇಲ್ಲದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಪಾಲಿಕೆ ಅಥವಾ ನಗರಸಭೆಗೆ ಅರ್ಜಿ ಹಾಕಿರಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಅದು 150 ಪದಗಳನ್ನು ಮೀರಬಾರದು. ಆದ್ದರಿಂದ ಪರವಾನಗಿ ಸಂಖ್ಯೆ ಅಥವಾ ಸರ್ವೆ ನಂಬರ್ ಬರೆದು ಮಂಜೂರಾದ ನಕ್ಷೆಯ ಪ್ರತಿಯನ್ನು ಮಾತ್ರ ಕೇಳುವುದು ಒಳ್ಳೆಯದು. ಉತ್ತರಕ್ಕೆ 30 ದಿನಗಳ ಗಡುವು ಇದೆ.

ನಮ್ಮಲ್ಲಿ ‘ಡೋರ್ ನಂಬರ್ ಆಗಿದೆ’ ಎಂದರೆ ಎಲ್ಲವೂ ಆಯಿತು ಎಂಬ ನಂಬಿಕೆ ಬೇರೂರಿದೆ. ಡೋರ್ ನಂಬರ್ ತೆರಿಗೆಯ ಲೆಕ್ಕಕ್ಕೆ ಸಂಬಂಧಿಸಿದ್ದು. ಕಟ್ಟಡ ನಕ್ಷೆಯಂತೆಯೇ ಕಟ್ಟಲ್ಪಟ್ಟಿದೆ, ಇನ್ನು ವಾಸ ಮಾಡಬಹುದು ಎಂಬ ಅನುಮತಿ, ಅಂದರೆ ಸ್ವಾಧೀನ ಪ್ರಮಾಣಪತ್ರ (ಒಸಿ), ಬೇರೆಯೇ. ಪಾಲಿಕೆಗಳ ಕಾಯ್ದೆಯಲ್ಲಿ ಅದಕ್ಕೆ 310ನೆಯ ಪ್ರಕರಣವಿದೆ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಈ ಪ್ರಮಾಣಪತ್ರ ಹಾಜರುಪಡಿಸಿದ ಮೇಲೆಯೇ ವಿದ್ಯುತ್ ಮತ್ತು ನೀರಿನ ಸಂಪರ್ಕ ಕೊಡಬೇಕೆಂದು ನಿರ್ದೇಶಿಸಿದ ಮೇಲಂತೂ ಕೊಳ್ಳುವವರು ಅದನ್ನು ಕಣ್ಣಾರೆ ನೋಡದೆ ಮುಂಗಡ ಕೊಡಬಾರದು.

ಬಾಲ್ಕನಿ

ಮೊದಲು ಹೊರಚಾಚು ಎಷ್ಟಿದೆ ಎಂದು ಅಳೆಯಿರಿ. ಗೋಡೆಯ ಹೊರಮೈಯಿಂದ ಬಾಲ್ಕನಿಯ ತೀರಾ ಹೊರ ಅಂಚಿನವರೆಗೆ, ಗೋಡೆಗೆ ಲಂಬವಾಗಿ ಟೇಪು ಹಿಡಿಯಬೇಕು. ಕರ್ನಾಟಕದ ವಲಯ ನಿಯಮಾವಳಿಗಳಲ್ಲಿ ಸಾಮಾನ್ಯವಾಗಿ ಬಾಲ್ಕನಿಯು ಆ ಬದಿಯಲ್ಲಿ ಗಡಿಯವರೆಗೆ ಬಿಡಬೇಕಾದ ತೆರೆದ ಜಾಗದ, ಅಂದರೆ ಸೆಟ್‌ಬ್ಯಾಕಿನ, ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಚಾಚಬಾರದು, ಅದರ ಮೇಲೂ ಒಂದು ಗರಿಷ್ಠ ಮಿತಿ ಇರುತ್ತದೆ. ಮೂರು ಮೀಟರ್ ಸೆಟ್‌ಬ್ಯಾಕ್ ಇರುವ ಬದಿಯಲ್ಲಿ ಒಂದೂವರೆ ಮೀಟರಿನ ಬಾಲ್ಕನಿ ಕಂಡರೆ ಅಲ್ಲಿಗೇ ನಿಂತು ನಕ್ಷೆಯನ್ನು ಇನ್ನೊಮ್ಮೆ ನೋಡಬೇಕು. ಗ್ರಿಲ್ಲನ್ನು ಬಾಲ್ಕನಿಯ ಅಂಚಿನಿಂದಲೂ ಹೊರಕ್ಕೆ ಒಂದೂವರೆ ಅಡಿ ಬುಟ್ಟಿಯಂತೆ ಉಬ್ಬಿಸಿ, ಅದರಲ್ಲಿ ಹೂಕುಂಡ, ಎಸಿಯ ಹೊರಘಟಕ ಇಡುವ ರೂಢಿ ಕದ್ರಿ, ಬಿಜೈ, ಮಣಿಪಾಲ ಎಲ್ಲ ಕಡೆಯೂ ಇದೆ. ಆ ಉಬ್ಬು ನಕ್ಷೆಯಲ್ಲಿ ಇಲ್ಲದ ಹೊರಚಾಚು, ಕೆಳಗೆ ನಡೆಯುವವರ ತಲೆಯ ಮೇಲಿನ ಭಾರ.

ತಡೆಗೋಡೆ ಅಥವಾ ರೇಲಿಂಗಿನ ಎತ್ತರ ನೆಲದ ಟೈಲ್ಸ್ ಮೇಲಿನಿಂದ ಕನಿಷ್ಠ 1 ಮೀಟರ್ ಇರಬೇಕು. ಹಳೆಯ ನೆಲದ ಮೇಲೆಯೇ ಹೊಸ ಟೈಲ್ಸ್ ಹಾಸಿದಾಗ ಎರಡು ಇಂಚು ಕಡಿಮೆಯಾಗಿರುತ್ತದೆ, ಇದನ್ನು ಯಾರೂ ಗಮನಿಸುವುದಿಲ್ಲ. ಅಡ್ಡ ಸರಳುಗಳ ರೇಲಿಂಗ್ ನೋಡಲು ಚೆಂದ, ಆದರೆ ಮಕ್ಕಳಿಗೆ ಅದು ಏಣಿಯಾಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ನೆಟ್ಟ ಸರಳುಗಳನ್ನೇ ಹಾಕಿಸಿ, ನಡುವಿನ ಸಂದು ನಾಲ್ಕು ಇಂಚಿಗಿಂತ ಹೆಚ್ಚಿರದಂತೆ ನೋಡಿಕೊಳ್ಳಿರಿ.

ಭಾರದ ವಿಷಯದಲ್ಲಿ ನಮ್ಮವರು ತೋರುವ ಧಾರಾಳ ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ಭಾರತೀಯ ಮಾನಕದಂತೆ ಮನೆಯ ಬಾಲ್ಕನಿಯನ್ನು ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕಿಲೋ ಬಳಕೆಯ ಭಾರಕ್ಕೆ ಲೆಕ್ಕ ಹಾಕಿ ವಿನ್ಯಾಸ ಮಾಡುತ್ತಾರೆ. ಒಂದು ಅಡಿ ಆಳಕ್ಕೆ ಮಣ್ಣು ತುಂಬಿದ ಹೂದೋಟದ ತೊಟ್ಟಿ ಮಳೆಯಲ್ಲಿ ನೆನೆದರೆ ಅಷ್ಟೇ ಜಾಗಕ್ಕೆ 500 ಕಿಲೋ ದಾಟುತ್ತದೆ. ಬಾಲ್ಕನಿಯ ಕಾಂಕ್ರೀಟ್ ಹಲಗೆ (ಸ್ಲ್ಯಾಬ್) ಒಂದೇ ಬದಿಯ ಆಸರೆಯಲ್ಲಿ ನಿಂತಿರುವುದರಿಂದ ಹೊರ ಅಂಚಿನಲ್ಲಿ ಇಟ್ಟ ಭಾರ ಗೋಡೆಯ ಪಕ್ಕದ ಭಾರಕ್ಕಿಂತ ಎಷ್ಟೋ ಪಾಲು ಹೆಚ್ಚು ಎಳೆಯುತ್ತದೆ. ಎಳೆತವನ್ನು ತಡೆಯುವ ಕಬ್ಬಿಣ ಇರುವುದು ಹಲಗೆಯ ಮೇಲ್ಭಾಗದಲ್ಲಿ, ಸರಿಯಾಗಿ ನೀರು ನಿಲ್ಲುವ ಕಡೆ. ಇನ್ನು ನಮ್ಮದು ಉಪ್ಪುಗಾಳಿಯ ಊರು. ಕಾಂಕ್ರೀಟಿನ ಮಾನಕ ಕರಾವಳಿಯ ಗಾಳಿಗೆ ತೆರೆದ ಕಟ್ಟಡವನ್ನು ತೀವ್ರ ಪರಿಸರದ ವರ್ಗಕ್ಕೆ ಸೇರಿಸಿ, ಕಬ್ಬಿಣದ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆಯನ್ನು ಕೇಳುತ್ತದೆ. ಆ ಹೊದಿಕೆ ತೆಳುವಾಗಿದ್ದ ಕಡೆ ಕೆಲವೇ ವರ್ಷಗಳಲ್ಲಿ ಬಾಲ್ಕನಿಯ ಅಡಿಯಲ್ಲಿ ತುಕ್ಕಿನ ಕೆಂಪು ಗೆರೆ ಮೂಡಿ, ಗಾರೆ ಉಬ್ಬಿ, ಪದರಪದರವಾಗಿ ಉದುರುತ್ತದೆ. ಮಳೆಗಾಲ ಮುಗಿದ ಕೂಡಲೇ ಕೆಳಗಿನ ಮಹಡಿಯವರ ಬಾಲ್ಕನಿಯಲ್ಲಿ ನಿಂತು ನಿಮ್ಮದರ ಅಡಿಯನ್ನು ನೋಡಿರಿ, ಕೋಲಿನಿಂದ ಮೆಲ್ಲನೆ ತಟ್ಟಿರಿ. ಟೊಳ್ಳು ಸದ್ದು ಬಂದರೆ ಬಣ್ಣ ಬಳಿಸುವ ಮೊದಲು ಎಂಜಿನಿಯರನ್ನು ಕರೆಯಿಸಬೇಕು.

ಈಗ ಮುಚ್ಚುವ ಮಾತಿಗೆ ಬರೋಣ. ನಿಯಮಾವಳಿಗಳು ತೆರೆದ ಬಾಲ್ಕನಿಗೆ ನೆಲವಿಸ್ತೀರ್ಣದ ಲೆಕ್ಕದಲ್ಲಿ ರಿಯಾಯಿತಿ ಕೊಡುವುದು ಅದು ತೆರೆದಿದೆ ಎಂಬ ಕಾರಣಕ್ಕೆ. ರೇರಾ ಕಾಯ್ದೆಯಲ್ಲಿ ಕಾರ್ಪೆಟ್ ಏರಿಯಾದ (ಬಳಸಬಹುದಾದ ನಿವ್ವಳ ನೆಲವಿಸ್ತೀರ್ಣದ) ವ್ಯಾಖ್ಯೆಯೂ ಬಾಲ್ಕನಿ, ವೆರಾಂಡಗಳನ್ನು ಹೊರಗಿಟ್ಟಿದೆ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಸಂಹಿತೆಯ ಪ್ರಕಾರ 24 ಮೀಟರಿಗಿಂತ ಎತ್ತರದ ಕಟ್ಟಡಗಳಲ್ಲಿ ಕೆಳಗಿಳಿಯಲಾಗದವರು ಸುರಕ್ಷಿತವಾಗಿ ಕಾಯಲು ಆಶ್ರಯ ಜಾಗ ಬಿಡಬೇಕು, ಅದು ಹೊರಗಾಳಿಗೆ ತೆರೆದಿರಬೇಕು. ಬಾಲ್ಕನಿ ಇರುವ ಫ್ಲ್ಯಾಟುಗಳಿಗೆ 60 ಮೀಟರ್ ಎತ್ತರದವರೆಗೆ ಇದರಿಂದ ವಿನಾಯಿತಿ ಸಿಗುವುದು, ಬಾಲ್ಕನಿಯೇ ಆ ಆಶ್ರಯವೆಂದು ಲೆಕ್ಕ ಹಿಡಿದಿರುವುದರಿಂದ. ಹಾಗಿರುವಾಗ ಬಾಲ್ಕನಿಯನ್ನು ಗಾಜಿನಿಂದ ಮುಚ್ಚಿ ಊಟದ ಮೇಜು ಹಾಕಿದರೆ ಆ ಮನೆಗೆ ಆಶ್ರಯ ಜಾಗವೂ ಇಲ್ಲ, ಬಾಲ್ಕನಿಯೂ ಇಲ್ಲ.

ನಾವಿರುವ ಸಮುಚ್ಚಯದಲ್ಲಿ ಒಂದು ರಾತ್ರಿ ನೆಲಮಹಡಿಯ ಮೀಟರ್ ಬೋರ್ಡಿನಿಂದ ಹೊಗೆ ಎದ್ದು ಮೆಟ್ಟಿಲಿನ ದಾರಿಯನ್ನು ತುಂಬಿತು. ಮೂರನೆಯ ಮಹಡಿಯ ವೃದ್ಧ ದಂಪತಿ ಮುಂಬಾಗಿಲು ತೆರೆದವರು ಕೆಮ್ಮುತ್ತ ಹಿಂದಕ್ಕೆ ಸರಿದು ಬಾಲ್ಕನಿಗೆ ಬಂದರು. ಅಲ್ಲಿ ಪೂರ್ತಿ ಗ್ರಿಲ್, ಅದರಲ್ಲೊಂದು ಕಿರುಬಾಗಿಲು, ಬಾಗಿಲಿಗೆ ಬೀಗ. ಬೀಗದ ಕೈ ಅಡುಗೆಮನೆಯ ಮೊಳೆಗೆ ನೇತುಹಾಕಿದ್ದು. ಕೆಳಗೆ ನಿಂತಿದ್ದ ನಾವು ಏಣಿ ಹಿಡಿದುಕೊಂಡು, ಅಜ್ಜ ಕತ್ತಲೆಯಲ್ಲಿ ಮೊಳೆಯನ್ನು ತಡಕಾಡಿ ಬರುವವರೆಗೆ ಕಾದೆವು. ಅಂದು ಯಾರಿಗೂ ಏನೂ ಆಗಲಿಲ್ಲ. ಮರುದಿನವೇ ಆ ಬೀಗ ಕಳಚಿ ಒಳಗಿನಿಂದ ಎಳೆದು ತೆಗೆಯುವ ಚಿಲಕ ಹಾಕಿಸಿದೆವು, ಉಳಿದ ಮನೆಗಳವರೂ ಹಾಗೆಯೇ ಮಾಡಿದರು.

ಕಳ್ಳರ ಅಥವಾ ಕೋತಿಗಳ ಕಾಟಕ್ಕಾಗಿ ಗ್ರಿಲ್ ಹಾಕಲೇಬೇಕಾದಲ್ಲಿ ಪಾಲಿಸಬೇಕಾದ ಕ್ರಮ ಹೀಗಿದೆ. ಸಂಘದ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಗ್ರಿಲ್ ಬಾಲ್ಕನಿಯ ಅಂಚಿನೊಳಗೆ ಇರಲಿ. ಅದರಲ್ಲಿ ಕನಿಷ್ಠ ಎರಡು ಅಡಿ ಅಗಲ, ಮೂರು ಅಡಿ ಎತ್ತರದ ತೆರೆಯುವ ಭಾಗವಿರಲಿ, ಅದು ಏಣಿ ಅಥವಾ ಅಗ್ನಿಶಾಮಕ ವಾಹನ ಬಂದು ನಿಲ್ಲಬಹುದಾದ ಕಡೆಗೆ ಇರಲಿ. ಕೀಲಿಕೈ ಬೇಕಾಗದ ಚಿಲಕ ಹಾಕಿಸಿರಿ. ಚಿಲಕ ಮಕ್ಕಳ ಕೈಗೆಟುಕದ ಎತ್ತರದಲ್ಲಿರಲಿ, ತಿಂಗಳಿಗೊಮ್ಮೆ ಎಣ್ಣೆ ಕಾಣಲಿ, ಏಕೆಂದರೆ ನಮ್ಮ ಗಾಳಿಯಲ್ಲಿ ಒಂದು ಮಳೆಗಾಲ ಮುಟ್ಟದೆ ಬಿಟ್ಟ ಚಿಲಕ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಇರಚಲಿಗೆ ಗಾಜು ಬೇಡ. ಮೇಲಕ್ಕೆ ಸುತ್ತಿ ಕಟ್ಟುವ ದಪ್ಪ ಟರ್ಪಾಲಿನ ಅಥವಾ ಬಿದಿರಿನ ಪರದೆ, ಹೊರಕ್ಕೆ ಇಳಿಜಾರಾದ ನೆಲ, ಕಸ ಕಟ್ಟದ ನೀರಿನ ಕಿಂಡಿ, ಕೋಣೆಯ ಬಾಗಿಲಿನಲ್ಲಿ ಒಂದೆರಡು ಇಂಚು ಎತ್ತರದ ಹೊಸ್ತಿಲು: ಇಷ್ಟು ಸರಿಯಿದ್ದರೆ ತುಳುವರ ಆಟಿ ತಿಂಗಳ ಮಳೆಯಲ್ಲೂ ನೀರು ಒಳಬರುವುದಿಲ್ಲ. ಬಿಲ್ಡರ್ ನೆಲದ ಇಳಿಜಾರನ್ನು ಒಳಮುಖವಾಗಿ ಕೊಟ್ಟಿದ್ದರೆ ಗಾಜಿಗೆ ಸುರಿಯುವ ಹಣವನ್ನು ನೆಲ ಸರಿಪಡಿಸಲು ಬಳಸಿರಿ.

ಸುತ್ತಲಿನ ತೆರೆದ ಜಾಗ

ಸೆಟ್‌ಬ್ಯಾಕ್ ಎಂದರೆ ಬಿಲ್ಡರ್ ಕಟ್ಟಲಾಗದೆ ಬಿಟ್ಟ ಜಾಗವಲ್ಲ. ಗಾಳಿ, ಬೆಳಕು, ಪಕ್ಕದ ಕಟ್ಟಡಕ್ಕೆ ಬೆಂಕಿ ಹಾರದಷ್ಟು ದೂರ ಮತ್ತು ವಾಹನದ ದಾರಿ, ಈ ನಾಲ್ಕಕ್ಕಾಗಿ ಬಿಟ್ಟದ್ದು. ಸಂಹಿತೆಯ ಕೋಷ್ಟಕದಲ್ಲಿ ಪಕ್ಕ ಮತ್ತು ಹಿಂಬದಿಯ ತೆರೆದ ಜಾಗ ಕಟ್ಟಡದ ಎತ್ತರದೊಂದಿಗೆ ಬೆಳೆಯುತ್ತದೆ: 10 ಮೀಟರ್ ಎತ್ತರಕ್ಕೆ 3 ಮೀಟರ್, 15ಕ್ಕೆ 5, 18ಕ್ಕೆ 6, 21ಕ್ಕೆ 7, 24ಕ್ಕೆ 8, 30ಕ್ಕೆ 10, 40ಕ್ಕೆ 12, 50ಕ್ಕೆ 14. ಅಳೆಯುವಾಗ ಪಾಗಾರದ ನಡುವಿನಿಂದಲ್ಲ, ಜಾಗದ ಗಡಿಯಿಂದ ಕಟ್ಟಡದ ಗೋಡೆಯವರೆಗೆ ಅಳೆಯಬೇಕು. ಅಳತೆ ಪ್ರತಿ ಬದಿಯಲ್ಲಿ ಅತಿ ಕಿರಿದಾದ ಕಡೆಯದ್ದಾಗಿರಬೇಕು. ಮಂಗಳೂರಿನ ಗುಡ್ಡದ ಜಾಗಗಳಲ್ಲಿ ಹಿಂಬದಿಗೆ ಹತ್ತು ಹದಿನೈದು ಅಡಿಯ ತಡೆಗೋಡೆ ಎದ್ದಿರುತ್ತದೆ. ನಕ್ಷೆಯಲ್ಲಿ ಆರು ಮೀಟರ್ ಎಂದು ಬರೆದ ಜಾಗದ ಅರ್ಧ ಭಾಗ ಕಡಿದ ದರೆಯ ಮೇಲ್ಗಡೆ ಇದ್ದರೆ ಅದು ಕಾಗದದ ಮೇಲೆ ಮಾತ್ರ ತೆರೆದ ಜಾಗ, ವಾಹನಕ್ಕೂ ಮನುಷ್ಯರಿಗೂ ಉಪಯೋಗವಿಲ್ಲ. ಕೊಳ್ಳುವ ಮೊದಲು ಹಿಂಬದಿಯನ್ನು ಸುತ್ತಿ ಬನ್ನಿರಿ.

ಅಗ್ನಿಶಾಮಕ ವಾಹನಕ್ಕಾಗಿ ಸಂಹಿತೆ ಕೇಳುವುದು ಹೀಗಿದೆ: ಎತ್ತರದ ಕಟ್ಟಡದ ಪ್ರವೇಶದ್ವಾರ 6 ಮೀಟರಿಗಿಂತ ಕಿರಿದಾಗಿರಬಾರದು, ಗೇಟು ಪಾಗಾರಕ್ಕೆ ಒರಗುವಂತೆ ಪೂರ್ತಿ ಮಡಚಬೇಕು, ದ್ವಾರದ ಮೇಲೆ ಕಮಾನು ಇದ್ದರೆ ಅದರಡಿಯಲ್ಲಿ 4.5 ಮೀಟರ್ ಎತ್ತರ ಬಿಟ್ಟಿರಬೇಕು, ಕಟ್ಟಡದ ಸುತ್ತ 6 ಮೀಟರ್ ಅಗಲದ ದಾರಿ 45 ಟನ್ ತೂಕದ ವಾಹನವನ್ನು ತಾಳುವಂತಿದ್ದು, ತಿರುವಿಗೆ 9 ಮೀಟರ್ ವ್ಯಾಸಾರ್ಧ ಸಿಗಬೇಕು. ಹದಿನೈದು ಮೀಟರ್ ಮತ್ತು ಅದಕ್ಕಿಂತ ಎತ್ತರದ್ದೆಲ್ಲವನ್ನೂ ಸಂಹಿತೆ ಎತ್ತರದ ಕಟ್ಟಡವೆಂದೇ ಪರಿಗಣಿಸುತ್ತದೆ.

ಇದನ್ನು ನಿಮ್ಮ ಅಂಗಳದಲ್ಲಿ ಪರೀಕ್ಷಿಸುವುದು ಸುಲಭ. ಇಪ್ಪತ್ತೊಂದು ಮೀಟರ್ ಎತ್ತರದ ಕಟ್ಟಡದ ಪಕ್ಕದಲ್ಲಿ 7 ಮೀಟರ್ ಬಿಟ್ಟಿದ್ದಾರೆ ಎಂದುಕೊಳ್ಳಿ. ಪಾಗಾರದ ಉದ್ದಕ್ಕೂ ಎರಡೂವರೆ ಮೀಟರ್ ಅಗಲದ ಕಾರು ನಿಲುಗಡೆಯ ಗೆರೆ ಎಳೆದರೆ ಉಳಿಯುವುದು 4.5 ಮೀಟರ್. ಅಂದರೆ ಒಂದೇ ಸಾಲು ಕಾರು ನಿಂತರೂ 6 ಮೀಟರಿನ ದಾರಿ ಹೋಯಿತು. ಎರಡನೆಯ ಕಾರನ್ನು ಅತಿಥಿಗಳಿಗೆಂದು ಬಿಟ್ಟ ಮೂಲೆಯಲ್ಲಿ ನಿಲ್ಲಿಸುವವರು, ಅದೇ ಮೂಲೆ ವಾಹನ ತಿರುಗಬೇಕಾದ ಜಾಗ ಎಂಬುದನ್ನು ಅರಿಯಬೇಕು. ಆದ್ದರಿಂದ ಸಂಘವು ದಾರಿಯ ಎರಡೂ ಅಂಚಿಗೆ ಹಳದಿ ಬಣ್ಣದ ಗೆರೆ ಎಳೆಸಿ, ಅದರೊಳಗೆ ಯಾವ ಹೊತ್ತಿನಲ್ಲೂ ವಾಹನ ನಿಲ್ಲಿಸುವಂತಿಲ್ಲವೆಂದು ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡಬೇಕು. ಈ ನಿರ್ಣಯಕ್ಕೆ ವಿರೋಧ ಬರುತ್ತದೆ. ನಮ್ಮಲ್ಲೂ ಬಂದಿತು, ಎರಡು ಸಭೆ ಹಿಡಿಯಿತು. ಕೊನೆಗೆ ಟೇಪು ಹಿಡಿದು ಎಲ್ಲರ ಎದುರಿಗೆ ಅಳೆದು ತೋರಿಸಿದ ಮೇಲೆ ಮಾತು ಮುಂದುವರಿಯಲಿಲ್ಲ.

ತೆರೆದ ಜಾಗದಲ್ಲಿ ಇನ್ನೂ ಏನೇನು ಬಂದು ಕೂರುತ್ತದೆ ಎಂಬುದನ್ನು ಒಂದು ಸುತ್ತು ನೋಡಿರಿ: ಜನರೇಟರ್, ಕಾವಲುಗಾರರ ಕೋಣೆ, ಗ್ಯಾಸ್ ಸಿಲಿಂಡರುಗಳ ಕೊಠಡಿ, ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿಯ ಯಂತ್ರಗಳು, ಬಾವಿಯ ಕಟ್ಟೆ. ಇವು ನಕ್ಷೆಯಲ್ಲಿ ತೋರಿಸಿದ ಜಾಗದಲ್ಲಿಯೇ ಇದ್ದರೆ ಸರಿ. ಬಾವಿಗೆ ಹಲಗೆ ಮುಚ್ಚಿ ಅದರ ಮೇಲೆಯೇ ಕಾರು ನಿಲ್ಲಿಸುವ ಕಡೆಗಳಲ್ಲಿ ಆ ಹಲಗೆ ಅಗ್ನಿಶಾಮಕ ವಾಹನದ ಭಾರ ತಾಳುತ್ತದೆಯೇ ಎಂಬುದನ್ನು ಎಂಜಿನಿಯರಿಂದ ಕೇಳಿ ತಿಳಿಯಬೇಕು; ಒಳಚರಂಡಿ ಗುಂಡಿಯ ಮುಚ್ಚಳಗಳಿಗೂ ಇದೇ ಮಾತು.

ಮೆಟ್ಟಿಲು ಮತ್ತು ತುರ್ತು ದಾರಿ

2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಹೊತ್ತಿದಾಗ ಒಂಬತ್ತು ಮಂದಿ ಸತ್ತರು. ಮೇಲಿನ ಮಹಡಿಗಳನ್ನು ಹೊಗೆ ತುಂಬಿತು, ಉಸಿರುಗಟ್ಟಿದವರು ಕಿಟಕಿ ಒಡೆದು ಹಾರಿದರು. ಅದಕ್ಕೂ ಮೊದಲು, 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಪ್ರಾಣ ಕಳೆದುಕೊಂಡದ್ದೂ ಹೆಚ್ಚಾಗಿ ಹೊಗೆಯಿಂದಲೇ. ಅಲ್ಲಿ ಹೆಚ್ಚುವರಿ ಆಸನ ಹಾಕಲು ಹೊರಹೋಗುವ ದಾರಿಯನ್ನು ಮುಚ್ಚಿದ್ದರು. ತುರ್ತು ದಾರಿಯ ನಿಯಮಗಳನ್ನು ಓದುವಾಗ ಈ ಎರಡು ಘಟನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಪ್ರತಿ ನಿಯಮದ ಕಾರಣವೂ ತಿಳಿಯುತ್ತದೆ.

ಎತ್ತರದ ಕಟ್ಟಡಗಳಿಗೆ ಕನಿಷ್ಠ ಎರಡು ಮೆಟ್ಟಿಲುಸಾಲು ಬೇಕು, ಅವೆರಡೂ ಒಂದಕ್ಕೊಂದು ದೂರವಿರಬೇಕು, ಒಂದಾದರೂ ಹೊರಗೋಡೆಗೆ ಅಂಟಿಕೊಂಡಿದ್ದು ನೆಲಮಟ್ಟದಲ್ಲಿ ನೇರವಾಗಿ ಬಯಲಿಗೆ ತೆರೆಯಬೇಕು. ಶಾಲೆ, ಆಸ್ಪತ್ರೆ, ಸಭಾಭವನಗಳಲ್ಲಿ ಒಂದು ಮಹಡಿಯ ವಿಸ್ತೀರ್ಣ 500 ಚದರ ಮೀಟರ್ ದಾಟಿದರೆ ಎತ್ತರ ಕಡಿಮೆಯಿದ್ದರೂ ಇದು ಅನ್ವಯಿಸುತ್ತದೆ. ಫ್ಲ್ಯಾಟುಗಳ ಕಟ್ಟಡದಲ್ಲಿ ಮೆಟ್ಟಿಲಿನ ಅಗಲ ಕನಿಷ್ಠ 1.25 ಮೀಟರ್, ಮೆಟ್ಟಿಲಿನ ಹಾಸು ಕನಿಷ್ಠ 250 ಮಿಲಿಮೀಟರ್, ಏರು ಗರಿಷ್ಠ 190 ಮಿಲಿಮೀಟರ್. ಹೊರಹೋಗುವ ಬಾಗಿಲು ಕನಿಷ್ಠ 1 ಮೀಟರ್ ಅಗಲ, 2 ಮೀಟರ್ ಎತ್ತರವಿದ್ದು, ಹೊರಡುವ ದಿಕ್ಕಿಗೆ ತೆರೆಯಬೇಕು ಮತ್ತು ಒಳಗಿನಿಂದ ತೆರೆಯಲು ಕೀಲಿಕೈ ಬೇಕಾಗಬಾರದು. ಲಿಫ್ಟನ್ನು ಹೊರದಾರಿಯೆಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಅಳೆಯಲು ಕಷ್ಟವೆನಿಸುವುದು ನಡೆಯುವ ದೂರ. ಮನೆಯ ಅತಿ ದೂರದ ಮೂಲೆಯಿಂದ ಮೆಟ್ಟಿಲಿನ ಬಾಗಿಲಿನವರೆಗೆ ವಾಸದ ಕಟ್ಟಡದಲ್ಲಿ 30 ಮೀಟರಿಗಿಂತ ಹೆಚ್ಚಿರಬಾರದು; ಸಾಮಾನ್ಯ ಕಾಂಕ್ರೀಟು ಕಟ್ಟಡಕ್ಕೆ ಇದು ಅನ್ವಯ. ಟೇಪನ್ನು ಗೋಡೆ ಸೀಳಿಕೊಂಡು ಹೋದಂತೆ ನೇರ ಹಿಡಿಯದೆ, ಮಂಚ ಬಳಸಿ, ಮೂಲೆ ತಿರುಗಿ, ಬಾಗಿಲು ದಾಟಿ ಮನುಷ್ಯ ನಡೆಯುವ ಗೆರೆಯಲ್ಲಿಯೇ ಹಿಡಿಯಬೇಕು. ಇದನ್ನು ಮಾಡಿದ ಮೇಲೆ ಕರೆಂಟು ಹೋದ ರಾತ್ರಿಯಲ್ಲಿ ಅದೇ ದಾರಿಯನ್ನು ಒಮ್ಮೆ ಗೋಡೆ ಹಿಡಿದು ನಡೆದು ನೋಡಿರಿ. ಚಪ್ಪಲಿ ಸ್ಟ್ಯಾಂಡು, ಮಕ್ಕಳ ಸೈಕಲ್ಲು, ಹಳೆಯ ಸೋಫಾ, ಮದುವೆಗೆ ತಂದ ನೀರಿನ ಕ್ಯಾನುಗಳು ಎಲ್ಲೆಲ್ಲಿ ಕಾಲಿಗೆ ಅಡ್ಡ ಬರುತ್ತವೆ ಎಂಬುದು ಹಗಲಿನಲ್ಲಿ ಗೊತ್ತಾಗುವುದಿಲ್ಲ.

ಮೆಟ್ಟಿಲಿನ ಕೋಶದೊಳಗೆ ವಿದ್ಯುತ್ ಕೊಳವೆ, ಎಸಿ ಕೊಳವೆ, ಗ್ಯಾಸಿನ ಪೈಪು ಹಾದುಹೋಗಬಾರದು. ಉಗ್ರಾಣದ ಬಾಗಿಲು ಅದಕ್ಕೆ ತೆರೆಯಬಾರದು. ಮರದ ಹಲಗೆಯ ಅಲಂಕಾರ ಗೋಡೆಗೆ ಇರಬಾರದು. ಮೆಟ್ಟಿಲಿನ ಬೆಂಕಿಬಾಗಿಲು ಹೊಗೆಯನ್ನು ತಡೆಯುವುದಕ್ಕಾಗಿಯೇ ತಾನಾಗಿ ಮುಚ್ಚಿಕೊಳ್ಳುವಂತೆ ಮಾಡಿರುತ್ತಾರೆ. ಗಾಳಿ ಆಡಲಿ ಎಂದು ಅದಕ್ಕೆ ಕೆಂಪುಕಲ್ಲಿನ ತುಂಡೊಂದನ್ನು ಅಡ್ಡ ಇಟ್ಟಿರುವುದನ್ನು ನಾನು ಅನೇಕ ಕಟ್ಟಡಗಳಲ್ಲಿ ನೋಡಿದ್ದೇನೆ. ಆ ಕಲ್ಲು ಅಲ್ಲಿರುವವರೆಗೆ ಎರಡನೆಯ ಮೆಟ್ಟಿಲು ಕೂಡ ಹೊಗೆಕೊಳವೆಯೇ. ಕಲ್ಲನ್ನು ಎತ್ತಿ ಹೊರಗೆ ಹಾಕಿಸುವುದು ಒಂದು ನಿಮಿಷದ ಕೆಲಸ, ಖರ್ಚಿಲ್ಲ.

ಹಳೆಯ ಕಟ್ಟಡಕ್ಕೆ ಹೊರಗಿನಿಂದ ಕಬ್ಬಿಣದ ತುರ್ತು ಮೆಟ್ಟಿಲು ಸೇರಿಸುವುದಾದರೆ ಅದರ ಇಳಿಜಾರು 45 ಡಿಗ್ರಿ ಮೀರಬಾರದು, ಅದರ ಪ್ರವೇಶ ಒಳಮೆಟ್ಟಿಲಿನಿಂದ ದೂರವಿರಬೇಕು. ಸುರುಳಿ ಮೆಟ್ಟಿಲು ಜಾಗ ಉಳಿಸುತ್ತದೆ, ಆದರೆ ಅದು ಕಡಿಮೆ ಜನರ, 9 ಮೀಟರ್ ಎತ್ತರದ ಒಳಗಿನ ಕಟ್ಟಡಗಳಿಗೆ ಹೇಳಿದ್ದು ಮತ್ತು ಅದರ ವ್ಯಾಸ ಕನಿಷ್ಠ ಒಂದೂವರೆ ಮೀಟರ್ ಇರಬೇಕು. ಉಪ್ಪುಗಾಳಿಗೆ ಬಿಟ್ಟ ಕಬ್ಬಿಣವಾದ್ದರಿಂದ ವರ್ಷಕ್ಕೊಮ್ಮೆ ಪ್ರತಿ ಮೆಟ್ಟಿಲ ಬೆಸುಗೆಯನ್ನೂ ನೋಡಬೇಕು.

ತಾರಸಿಯ ಮಾಡು

ಸೋರುವ ತಾರಸಿಗೆ ಶೀಟಿನ ಮಾಡು ಹಾಕುವುದು ನಮ್ಮ ಜಿಲ್ಲೆಗಳಲ್ಲಿ ಅನಿವಾರ್ಯವೆಂಬಂತೆ ಆಗಿದೆ, ಅದರ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಾರಸಿ ಮತ್ತು ತುರ್ತು ಮೆಟ್ಟಿಲುಗಳು ರೇರಾ ಕಾಯ್ದೆಯ ವ್ಯಾಖ್ಯೆಯಂತೆ ಎಲ್ಲರಿಗೂ ಸೇರಿದ ಸಾಮಾನ್ಯ ಜಾಗ. ಮೇಲಿನ ಮಹಡಿಯವರ ಸ್ವಂತದ್ದಲ್ಲ. ಮಾಡು ಹಾಕುವಾಗ ಅನುಮತಿ ಪಡೆಯುವುದರ ಜೊತೆಗೆ, ಮೆಟ್ಟಿಲಿನಿಂದ ಹೊರಬಂದವರು ಆಕಾಶ ಕಾಣುವ ಜಾಗಕ್ಕೆ ಸೇರುವಂತೆ ಒಂದು ಭಾಗವನ್ನು ಮುಚ್ಚದೆ ಉಳಿಸಿರಿ, ಬದಿಗಳನ್ನು ತಗಡಿನಿಂದ ಕಟ್ಟಬೇಡಿರಿ. ಮೇಲೇರಿದ ಹೊಗೆ ಮುಚ್ಚಿದ ಮಾಡಿನಡಿ ಸುತ್ತುತ್ತಲೇ ಇರುತ್ತದೆ. ಮಾಡಿನಡಿಯಲ್ಲಿ ಒಣಕಟ್ಟಿಗೆ, ತೆಂಗಿನ ಸಿಪ್ಪೆ, ಹಳೆಯ ಹಾಸಿಗೆ ರಾಶಿ ಹಾಕುವುದನ್ನು ನಿಲ್ಲಿಸಬೇಕು. ತಾರಸಿಯ ಬಾಗಿಲಿಗೆ ಬೀಗ ಬೇಡ, ಒಳಗಿನಿಂದ ತೆಗೆಯುವ ಅಗುಳಿ ಸಾಕು. ಮಕ್ಕಳ ಭಯವಿದ್ದರೆ ಬಾಗಿಲು ತೆರೆದಾಗ ಸದ್ದು ಮಾಡುವ ಒಂದು ಗಂಟೆಯನ್ನು ಕೂರಿಸಬಹುದು.

ಮನೆ ಪಿಜಿಯಾದಾಗ

ಮಣಿಪಾಲ, ದೇರಳಕಟ್ಟೆ, ಕಂಕನಾಡಿಯ ಸುತ್ತ ಒಂದು ಕುಟುಂಬಕ್ಕೆಂದು ಮಂಜೂರಾದ ಮನೆಯಲ್ಲಿ ಮೂವತ್ತು ವಿದ್ಯಾರ್ಥಿಗಳಿರುತ್ತಾರೆ. ವಾಸದ ಕಟ್ಟಡಕ್ಕೆ ಸಂಹಿತೆ ಒಬ್ಬರಿಗೆ 12.5 ಚದರ ಮೀಟರಿನಂತೆ ಜನರ ಲೆಕ್ಕ ಹಿಡಿಯುತ್ತದೆ; ಒಂದು ಕೋಣೆಗೆ ನಾಲ್ಕು ಮಂಚ ಹಾಕಿದಾಗ ಆ ಲೆಕ್ಕ ಎಲ್ಲಿಗೆ ಹೋಯಿತೆಂದು ಮಾಲೀಕರೇ ಕೂಡಿ ಕಳೆದು ನೋಡಬೇಕು. ಬಳಕೆ ಬದಲಾದರೆ ಪರವಾನಗಿಯೂ ಬದಲಾಗಬೇಕು. ಮಕ್ಕಳನ್ನು ಬಿಡಲು ಬರುವ ತಂದೆತಾಯಿ ಊಟದ ರುಚಿಯನ್ನು ಕೇಳುವ ಮೊದಲು ಎರಡನೆಯ ದಾರಿ ಎಲ್ಲಿದೆ, ರಾತ್ರಿ ಹೊರಬಾಗಿಲಿಗೆ ಬೀಗ ಹಾಕುತ್ತಾರೆಯೇ, ಹಾಕಿದರೆ ಕೈ ಯಾರ ಬಳಿ ಇರುತ್ತದೆ ಎಂದು ಕೇಳಲಿ.

ಬದಲಾವಣೆ ಮಾಡುವಾಗ, ತಕರಾರು ಇದ್ದಾಗ

ಹೊರಗೋಡೆ, ಬಾಲ್ಕನಿ, ತಾರಸಿ, ಸೆಟ್‌ಬ್ಯಾಕ್ ಇವುಗಳಿಗೆ ತಾಗುವ ಯಾವುದೇ ಕೆಲಸಕ್ಕೆ ನೋಂದಾಯಿತ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ಮೂಲಕ ಪರಿಷ್ಕೃತ ನಕ್ಷೆ ಸಲ್ಲಿಸಿ ಮಂಜೂರಾತಿ ಪಡೆದ ಮೇಲೆಯೇ ಕೈಹಾಕಬೇಕು. ಯೋಜನೆ ಇನ್ನೂ ಬಿಲ್ಡರ್ ಕೈಯಲ್ಲಿದ್ದರೆ, ರೇರಾದ 14ನೆಯ ಪ್ರಕರಣದಂತೆ ಕಟ್ಟಡದ ನಕ್ಷೆಯನ್ನಾಗಲಿ ಸಾಮಾನ್ಯ ಜಾಗವನ್ನಾಗಲಿ ಬದಲಾಯಿಸಲು ಖರೀದಿದಾರರಲ್ಲಿ ಮೂರನೆಯ ಎರಡು ಪಾಲು ಮಂದಿಯ ಲಿಖಿತ ಒಪ್ಪಿಗೆ ಬೇಕು. ಅಂತಹ ಒಪ್ಪಿಗೆ ಪತ್ರವನ್ನು ಬೇರೆ ಕಾಗದಗಳ ಜೊತೆಗೆ ಸೇರಿಸಿ ಸಹಿ ಕೇಳುವುದುಂಟು, ಓದದೆ ಸಹಿ ಹಾಕಬೇಡಿರಿ.

ನೆರೆಯವರು ದಾರಿ ಮುಚ್ಚಿದ್ದರೆ ಮೊದಲು ಹೋಗಿ ಮಾತನಾಡಿಸಿರಿ, ಅಳತೆ ತೋರಿಸಿರಿ. ಆಮೇಲೆ ಸಂಘದ ಪತ್ರ. ಅದಕ್ಕೂ ಜಗ್ಗದಿದ್ದರೆ ಅಳತೆ, ದಿನಾಂಕವಿರುವ ಛಾಯಾಚಿತ್ರ ಮತ್ತು ನಕ್ಷೆಯ ಪ್ರತಿ ಲಗತ್ತಿಸಿ ಪಾಲಿಕೆಯ ನಗರ ಯೋಜನಾ ವಿಭಾಗಕ್ಕೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ; ಅಕ್ರಮ ಕಟ್ಟಡವನ್ನು ತೆರವುಗೊಳಿಸುವ ಅಧಿಕಾರ ಪಾಲಿಕೆಗಳ ಕಾಯ್ದೆಯ 321ನೆಯ ಪ್ರಕರಣದಲ್ಲಿದೆ. ಮೆಟ್ಟಿಲು, ಬೆಂಕಿಬಾಗಿಲು, ವಾಹನದ ದಾರಿಯ ಸಂಗತಿಯಾದರೆ ಅದೇ ಪತ್ರದ ಒಂದು ಪ್ರತಿಯನ್ನು ಅಗ್ನಿಶಾಮಕ ಇಲಾಖೆಗೂ ಕಳುಹಿಸಿರಿ.

ವರ್ಷಕ್ಕೆ ಎರಡು ಬಾರಿ, ಮಳೆಗಾಲಕ್ಕೆ ಮೊದಲು ಮತ್ತು ದೀಪಾವಳಿಗೆ ಮೊದಲು, ಸಮುಚ್ಚಯದ ಎಲ್ಲರೂ ಒಮ್ಮೆ ಇಳಿದು ಬರುವ ಅಭ್ಯಾಸ ಮಾಡಬೇಕು. ತಾವಾಗಿ ಇಳಿಯಲಾಗದ ಹಿರಿಯರು, ರೋಗಿಗಳು ಯಾವ ಮಹಡಿಯಲ್ಲಿದ್ದಾರೆ, ಅವರ ಬಾಲ್ಕನಿ ಯಾವ ಬದಿಗಿದೆ ಎಂಬ ಪಟ್ಟಿ ಕಾವಲುಗಾರರ ಕೋಣೆಯಲ್ಲಿ ಇರಲಿ. 112 ಅಥವಾ 101ಕ್ಕೆ ಕರೆ ಮಾಡುವವರು ಕಟ್ಟಡದ ಹೆಸರಿನ ಜೊತೆಗೆ ಯಾವ ರಸ್ತೆಯ ಗೇಟು ಅಗಲವಾಗಿದೆ ಎಂಬುದನ್ನೂ ಹೇಳಬೇಕು. ನಮ್ಮ ಒಳರಸ್ತೆಗಳ ತಿರುವುಗಳಲ್ಲಿ ದೊಡ್ಡ ವಾಹನ ಒಮ್ಮೆ ತಪ್ಪು ದಾರಿಗೆ ನುಗ್ಗಿದರೆ ಹಿಂದಕ್ಕೆ ಬರುವುದು ಬಹಳ ಕಷ್ಟ, ಆದ್ದರಿಂದ ಒಬ್ಬರು ಟಾರ್ಚ್ ಹಿಡಿದು ಮುಖ್ಯರಸ್ತೆಯ ತಿರುವಿನಲ್ಲಿ, ಇನ್ನೊಬ್ಬರು ಗೇಟಿನ ಎರಡೂ ಬಾಗಿಲನ್ನು ಪಾಗಾರಕ್ಕೆ ಒರಗಿಸಿ ಹಿಡಿದು ನಿಲ್ಲಬೇಕು. ಆ ಇಬ್ಬರು ಯಾರೆಂಬುದನ್ನು ಅಭ್ಯಾಸದ ದಿನವೇ ಗೊತ್ತುಮಾಡಿ, ಅವರ ಹೆಸರನ್ನು ಸೂಚನಾಫಲಕದಲ್ಲಿ ಬರೆದು ಹಾಕಿರಿ.